ಇಂಗ್ಲೆಂಡಿನ ಅಂಗಡಿಯ ‘ಮ್ಯಾಕರೆಲ್’ ನಮ್ಮ ಬಂಗುಡೆಯೇ, ಬೇರೆಯೇ?

ಬ್ರಹ್ಮಾವರದವಳು (ಭಾನುವಾರ ರಾತ್ರಿ)

ಮದುವೆಯಾಗಿ ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಯಿತು. ಬಂಗುಡೆ ತಿನ್ನದೆಯೂ ಎಂಟು ತಿಂಗಳು. ನಿನ್ನೆ ಪೇಟೆಯ ಮೀನಿನಂಗಡಿಯಲ್ಲಿ ‘ಮ್ಯಾಕರೆಲ್’ ಎಂದು ಬರೆದ ಚೀಟಿ ಕಂಡಿತು. ಮ್ಯಾಕರೆಲ್ ಎಂದರೆ ಬಂಗುಡೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಹಿಂದೆಮುಂದೆ ನೋಡದೆ ನಾಲ್ಕು ತಂದೆ. ಮನೆಯಲ್ಲಿ ಚೀಲ ಬಿಚ್ಚಿದಾಗ ಅನುಮಾನ ಶುರುವಾಯಿತು. ಮೈ ಒನಕೆಯಂತೆ ಉರುಟು. ಬೆನ್ನು ನೀಲಿಹಸಿರು, ಅದರ ಮೇಲೆ ಕಪ್ಪು ಗೆರೆಗಳು ಅಡ್ಡಡ್ಡವಾಗಿ, ಮರಿಹಾವು ಹರಿದಂತೆ. ನಮ್ಮ ಬಂಗುಡೆ ಇಂಥ ಸೀರೆ ಉಟ್ಟದ್ದನ್ನು ನಾನು ನೋಡಿಲ್ಲ.

ಆದರೂ ಪುಳಿಮುಂಚಿ ಮಾಡಿದೆ. ಊರಿನಿಂದ ತಂದ ಮೆಣಸು, ಹುಳಿ, ಎಲ್ಲ ಅಳತೆಯಂತೆಯೇ ಇತ್ತು. ನಾನು ಹಾಕಿದ್ದು ಒಂದು ಚಮಚ ಎಣ್ಣೆ, ಕುದಿದ ಮೇಲೆ ತೇಲಿದ್ದು ನಾಲ್ಕು ಚಮಚ! ಗಂಡ ಮೈಸೂರಿನವರು, ‘ಚೆನ್ನಾಗಿದೆ’ ಎಂದು ಎರಡನೆಯ ಸಲ ಹಾಕಿಸಿಕೊಂಡರು. ಅವರ ಸಾಕ್ಷಿ ನಡೆಯುವುದಿಲ್ಲ, ಅವರಿಗೆ ಮೀನೆಲ್ಲ ಒಂದೇ. ಉಳಿದ ಒಂದು ಮೀನನ್ನು ಅಮ್ಮನಿಗೆ ವಿಡಿಯೋ ಕರೆಯಲ್ಲಿ ತೋರಿಸಿದೆ. ‘ಬಂಗುಡೆಯ ನೆಂಟ ಇರಬಹುದು, ಬಂಗುಡೆ ಅಲ್ಲ’ ಎಂದು ಹೇಳಿ ಫೋನಿಟ್ಟಳು. ಯಾಕೆ ಅಲ್ಲ ಎಂದು ಹೇಳಲಿಲ್ಲ. ಇಲ್ಲಿ ಬಲ್ಲವರು ಯಾರಾದರೂ ಹೇಳಿ.

ದಕ್ಕೆ ರಸ್ತೆ

ಅಮ್ಮ ಸರಿ. ಬಂಗುಡೆಯ ಗೆರೆ ತಲೆಯಿಂದ ಬಾಲಕ್ಕೆ ಓಡುತ್ತದೆ, ಅಡ್ಡ ಓಡುವುದಿಲ್ಲ. ಬೆಳಗಿನ ಜಾವ ಬೋಟಿನಿಂದ ಇಳಿಸುವಾಗ ಆ ಗೆರೆಗಳು ಬಂಗಾರದ ಬಣ್ಣದಲ್ಲಿರುತ್ತವೆ. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಕಪ್ಪಾಗಿರುತ್ತವೆ. ಪೇಟೆಯವರಿಗೆ ಗೊತ್ತಿರುವುದು ಆ ಕಪ್ಪು ಗೆರೆ ಮಾತ್ರ.

ನಿವೃತ್ತ ಮೇಷ್ಟ್ರು

ಅಮ್ಮನ ತೀರ್ಪಿಗೆ ಕಾರಣ ಬರೆಯುವ ಕೆಲಸ ನನಗಿರಲಿ. ಪದವಿ ಕಾಲೇಜಿನಲ್ಲಿ ಮೂವತ್ತು ವರ್ಷ ಹುಡುಗರಿಂದ ಮೀನು ಕೊಯ್ಯಿಸಿದ್ದೇನೆ, ಅದರಲ್ಲಿ ಅರ್ಧ ಬಂಗುಡೆ. ಕೊಯ್ಯದೆ ಉಳಿದದ್ದು ಎಲ್ಲಿಗೆ ಹೋಗುತ್ತಿತ್ತು ಎಂದು ಮಾತ್ರ ಕೇಳಬೇಡಿ.

ಮ್ಯಾಕರೆಲ್ ಎಂಬುದು ಒಂದು ಮೀನಿನ ಹೆಸರೇ ಅಲ್ಲ. ಅದು ‘ಬಾಳೆ’ ಎಂದ ಹಾಗೆ. ಪುಟ್ಟಬಾಳೆಯೂ ಬಾಳೆ, ನೇಂದ್ರವೂ ಬಾಳೆ, ಕಾಡಿನ ಕಲ್ಲುಬಾಳೆಯೂ ಬಾಳೆ. ಮೊದಲೆರಡು ಒಂದೇ ಕುಲದವು, ಮೂರನೆಯದರ ಕುಲವೇ ಬೇರೆ. ಮ್ಯಾಕರೆಲ್‌ಗಳಲ್ಲಿಯೂ ಇಂಥ ಕಲ್ಲುಬಾಳೆಗಳಿವೆ, ಅವುಗಳ ಮಾತು ಆಮೇಲೆ.

ನಮ್ಮ ಬಂಗುಡೆ ರಾಸ್ಟ್ರೆಲ್ಲಿಗರ್ ಎಂಬ ಕುಲದ್ದು. ಅದರಲ್ಲಿ ಮೂರೇ ಪ್ರಭೇದ: ನಮ್ಮ ಕನಗುರ್ತ, ಥಾಯ್ಲೆಂಡ್ ಕಡೆಯ ಬ್ರಾಕಿಸೋಮ, ಇನ್ನೊಂದು ಫಾಗ್ನಿ. ಇವು ಬೆಚ್ಚನೆಯ ನೀರಿನವು. ನೀವು ತಂದದ್ದು ಸ್ಕೋಂಬರ್ ಕುಲದ್ದು, ಅದು ಹೆಚ್ಚಾಗಿ ತಣ್ಣನೆಯ ಕಡಲಿನ ಬಳಗ. ಎರಡೂ ಕುಲ ಟ್ಯೂನಾ, ಅಂಜಲ್‌ಗಳ ಜೊತೆ ಸ್ಕೋಂಬ್ರಿಡೇ ಎಂಬ ಒಂದೇ ಕುಟುಂಬಕ್ಕೆ ಸೇರುತ್ತವೆ. ಆದ್ದರಿಂದ ‘ನೆಂಟ’ ಎಂದದ್ದು ಶಾಸ್ತ್ರಕ್ಕೂ ಒಪ್ಪುವ ಮಾತು.

ಗೆರೆಯನ್ನು ನೆಚ್ಚಿಕೊಳ್ಳಬೇಡಿ. ಮಂಜುಗಡ್ಡೆಯಲ್ಲಿ ನಾಲ್ಕು ದಿನ ಕಳೆದ ಮೀನಿನ ಗೆರೆ ಏನು ಬೇಕಾದರೂ ಹೇಳುತ್ತದೆ. ಬಾಯಿ ನೋಡಿ. ಬಂಗುಡೆಯ ಕೆಳದವಡೆಯನ್ನು ಹೆಬ್ಬೆರಳಿನಿಂದ ಪೂರ್ತಿ ಎಳೆದು ಬೆಳಕಿಗೆ ಹಿಡಿಯಿರಿ. ಗಂಟಲಿನ ಎರಡೂ ಬದಿಯಲ್ಲಿ ಹಕ್ಕಿಯ ಗರಿ ಒತ್ತಾಗಿ ಜೋಡಿಸಿದಂತೆ ಕಾಣುತ್ತದೆ. ಅವು ಕಿವಿರಿನ ಕಡ್ಡಿಗಳು. ಬಂಗುಡೆ ಬಾಯಿ ತೆರೆದುಕೊಂಡೇ ಈಜುತ್ತಾ ಹೋಗುತ್ತದೆ. ನೀರು ಕಿವಿರಿನಿಂದ ಹೊರಗೆ ಹೋಗುತ್ತದೆ, ಕಣ್ಣಿಗೆ ಕಾಣದಂಥ ಜೀವಿಗಳು ಈ ಬಾಚಣಿಗೆಯಲ್ಲಿ ಸಿಕ್ಕಿಕೊಳ್ಳುತ್ತವೆ. ರಾಸ್ಟ್ರೆಲ್ಲಿಗರ್ ಎಂಬ ಹೆಸರು ಬಂದದ್ದೂ ಇದರಿಂದಲೇ, ರಾಸ್ಟ್ರಮ್ ಎಂದರೆ ಲ್ಯಾಟಿನ್ನಿನಲ್ಲಿ ಹಲುಬೆ. ಸ್ಕೋಂಬರ್‌ನ ಬಾಯಿ ತೆರೆದರೆ ಗರಿಯಂಥ ಈ ಒತ್ತು ಕಾಣುವುದಿಲ್ಲ. ಅದರ ಬದಲು ಅಂಗುಳಿಗೆ ಬೆರಳು ಸವರಿ ನೋಡಿ, ಸಣ್ಣ ಹಲ್ಲು ತಾಗುತ್ತದೆ. ಬಂಗುಡೆಯ ಅಂಗುಳು ನುಣುಪು.

ಇನ್ನೊಂದು ಗುರುತು: ಎದೆರೆಕ್ಕೆಯನ್ನು ಎತ್ತಿ ನೋಡಿದರೆ ಅದರ ಕೆಳ ಅಂಚಿನ ಹತ್ತಿರ ಮೈಮೇಲೆ ಒಂದು ಕಪ್ಪು ಬೊಟ್ಟು. ಅದು ಕನಗುರ್ತದ ದೃಷ್ಟಿಬೊಟ್ಟು.

ನಮ್ಮ ಕರಾವಳಿಯಲ್ಲಿ ಸ್ಕೋಂಬರ್ ಕುಲದ ಮೀನೇ ಇಲ್ಲ, ಹಾಗಾಗಿ ಊರಿನಲ್ಲಿ ನಿಮಗೆ ಈ ಗೊಂದಲ ಬಂದಿರಲಿಕ್ಕಿಲ್ಲ.

ಕಾರವಾರದ ಕಡೆಯವ

ಹೆಸರಿನ ಮಾತು ಬಂತೆಂದು ಬರೆಯುತ್ತಿದ್ದೇನೆ. ನಮ್ಮಲ್ಲಿ ಕೊಂಕಣಿಯವರಿಗೆ ಅದು ಬಾಂಗಡೊ. ಕೇರಳದವರಿಗೆ ಅಯಲ. ಸಿಂಹಳದಲ್ಲಿ ಕುಂಬಳಾವಾ. ‘ಕನಗುರ್ತ’ ಎಂಬುದು ಲ್ಯಾಟಿನ್ ಎಂದುಕೊಂಡಿದ್ದೆ, ಅದು ಆಂಧ್ರದ ಬೆಸ್ತರ ತೆಲುಗು ಎಂದು ಗೊತ್ತಾದ ದಿನ ಬಹಳ ಖುಷಿಯಾಗಿತ್ತು.

ನಿವೃತ್ತ ಮೇಷ್ಟ್ರು

ಹೌದು. ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯ ವಿಶಾಖಪಟ್ಟಣದಲ್ಲಿ ಕುಳಿತು ಇನ್ನೂರು ಮೀನುಗಳ ಚಿತ್ರ ಬರೆಸಿ 1803ರಲ್ಲಿ ಪ್ರಕಟಿಸಿದ. ಪ್ರತಿ ಮೀನಿಗೂ ಬೆಸ್ತರು ಹೇಳಿದ ಹೆಸರನ್ನೇ ಬರೆದುಕೊಂಡ. ಫ್ರಾನ್ಸಿನ ಕುವಿಯೇ ಆಮೇಲೆ ವೈಜ್ಞಾನಿಕ ಹೆಸರಿಡುವಾಗ ಅದನ್ನೇ ಉಳಿಸಿಕೊಂಡ. ನಮ್ಮ ಕೊಳಕುಮಂಡಲ ಹಾವಿಗೆ ಇಂಗ್ಲಿಷಿನಲ್ಲಿ ಇರುವುದು ಇದೇ ರಸೆಲ್‌ನ ಹೆಸರು. ಹಾವು ಅವನ ಹೆಸರು ಹೊತ್ತಿತು, ಮೀನು ತನ್ನ ಹೆಸರನ್ನೇ ಉಳಿಸಿಕೊಂಡಿತು.

ಅಳಿವೆಬಾಗಿಲು

ಮೇಷ್ಟ್ರೆ, ತಪ್ಪು ತಿಳಿಯಬೇಡಿ, ಒಂದು ತಿದ್ದುಪಡಿ ಇದೆ. ‘ನಮ್ಮ ಕಡೆ ಸ್ಕೋಂಬರ್ ಇಲ್ಲ’ ಎಂಬುದು ಹಳೆಯ ಪಾಠ. 2016ರಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪೂರ್ವ ಅರಬ್ಬಿ ಸಮುದ್ರದಿಂದ ಸ್ಕೋಂಬರ್ ಇಂಡಿಕಸ್ ಎಂಬ ಹೊಸ ಪ್ರಭೇದವನ್ನೇ ವಿವರಿಸಿದ್ದಾರೆ. ನಾನು ಮೀನುಗಾರಿಕೆ ಓದಿದವಳು, ತರಗತಿಯಲ್ಲಿ ನಮಗೆ ಇದು ಪಾಠವಾಗಿತ್ತು. ಬಂಗುಡೆಯಷ್ಟು ರಾಶಿಯಾಗಿ ಸಿಗುವುದಿಲ್ಲ ಎಂಬುದು ನಿಜ, ‘ಇಲ್ಲವೇ ಇಲ್ಲ’ ಎನ್ನುವ ಹಾಗಿಲ್ಲ.

ನಿವೃತ್ತ ಮೇಷ್ಟ್ರು

ಒಪ್ಪಿದೆ. ನಾನು ನಿವೃತ್ತನಾದ ಮೇಲೆ ಬಂದ ಮೀನು ಅದು ಎಂದು ತಪ್ಪಿಸಿಕೊಳ್ಳಬಹುದಿತ್ತು, ತಪ್ಪಿಸಿಕೊಳ್ಳುವುದಿಲ್ಲ. ಮೇಲಿನ ಸಾಲನ್ನು ಅಳಿಸದೆ ಹಾಗೆಯೇ ಬಿಟ್ಟಿದ್ದೇನೆ, ಓದುವವರು ಇದನ್ನೂ ಓದಲಿ.

ಬ್ರಹ್ಮಾವರದವಳು

ಫ್ರಿಜ್ಜಿನಲ್ಲಿ ಉಳಿದಿದ್ದ ಒಂದರ ಬಾಯಿ ಈಗ ತೆರೆದು ನೋಡಿದೆ. ಗರಿ ಇಲ್ಲ. ಅಂಗುಳಿನಲ್ಲಿ ಏನೋ ತರಿ ತರಿ ತಾಗಿತು. ಕಪ್ಪು ಬೊಟ್ಟೂ ಇಲ್ಲ. ಹೊಟ್ಟೆಯೆಲ್ಲ ಬೆಳ್ಳಿಯ ತಟ್ಟೆಯ ಹಾಗೆ ಬಿಳಿ, ಒಂದು ಚುಕ್ಕೆ ಕೂಡ ಇಲ್ಲ. ಹಾಗಾದರೆ ಸ್ಕೋಂಬರ್‌ನಲ್ಲಿ ಇದು ಯಾವುದು?

ನಿವೃತ್ತ ಮೇಷ್ಟ್ರು

ಹೊಟ್ಟೆ ನೋಡಿದ್ದು ಒಳ್ಳೆಯದಾಯಿತು, ನಾನು ಅದನ್ನೇ ಕೇಳಬೇಕೆಂದಿದ್ದೆ. ಅಡ್ಡ ಅಲೆಗೆರೆ, ಚುಕ್ಕೆಯಿಲ್ಲದ ಹೊಟ್ಟೆ, ಇಂಗ್ಲೆಂಡಿನ ಅಂಗಡಿ: ಇದು ಅಟ್ಲಾಂಟಿಕ್ ಮ್ಯಾಕರೆಲ್, ಸ್ಕೋಂಬರ್ ಸ್ಕೋಂಬ್ರಸ್. ನಾರ್ವೆ, ಬ್ರಿಟನ್, ಐರ್ಲೆಂಡ್ ಸುತ್ತಿನ ಕಡಲು ಅದರ ಮನೆ. ಮೆಡಿಟರೇನಿಯನ್‌ನಲ್ಲೂ ಇದೆ, ಅಟ್ಲಾಂಟಿಕ್ ದಾಟಿ ಅಮೆರಿಕದ ಪೂರ್ವ ತೀರದಲ್ಲೂ ಇದೆ. ಹಿಂದೂ ಮಹಾಸಾಗರದಲ್ಲಿ ಇಲ್ಲ.

ಈ ಮೀನಿಗೆ ಗಾಳಿಚೀಲ ಇಲ್ಲ. ಬಹುಪಾಲು ಎಲುಬಿನ ಮೀನುಗಳು ಹೊಟ್ಟೆಯೊಳಗಿನ ಗಾಳಿಚೀಲದಿಂದ ನೀರಿನಲ್ಲಿ ತೇಲಿಕೊಂಡು ನಿಲ್ಲುತ್ತವೆ. ಇದಕ್ಕೆ ಆ ಸೌಕರ್ಯವಿಲ್ಲದ್ದರಿಂದ ಈಜುವುದನ್ನು ನಿಲ್ಲಿಸಿದರೆ ಮುಳುಗುತ್ತದೆ. ಹುಟ್ಟಿದಾಗಿನಿಂದ ಸಾಯುವವರೆಗೆ ಓಟ. ನಿಮ್ಮ ಪುಳಿಮುಂಚಿಯಲ್ಲಿ ತೇಲಿದ ಎಣ್ಣೆಯೂ ಇದರ ಬದುಕಿನ ಲೆಕ್ಕವೇ. ಬೇಸಿಗೆಯಲ್ಲಿ ಉತ್ತರಕ್ಕೆ ಹೋಗಿ ಹೊಟ್ಟೆ ತುಂಬ ತಿಂದು, ಚಳಿಗಾಲಕ್ಕೆಂದು ಮೈಯಲ್ಲಿ ಕೊಬ್ಬು ಕೂಡಿಡುತ್ತದೆ. ಶರತ್ಕಾಲದಲ್ಲಿ ಹಿಡಿದ ಮೀನಿನಲ್ಲಿ ನೂರಕ್ಕೆ 25ರಿಂದ 30ರಷ್ಟು ಕೊಬ್ಬಿರುವುದುಂಟು. ಮುಂದಿನ ಸಲ ಎಣ್ಣೆಯ ಚಮಚವನ್ನು ಕೈಗೆ ತೆಗೆದುಕೊಳ್ಳಲೇಬೇಡಿ.

ಬೆರ್ಗೆನ್ ಮಳೆ

ನಾರ್ವೆಯಿಂದ ಒಂದು ಮಾತು. ಇದೇ ಮೀನಿನಿಂದ ಇಲ್ಲಿ ದೇಶ ದೇಶಗಳ ನಡುವೆ ಜಗಳವಾಗಿದೆ. 2007ರ ಆಸುಪಾಸಿನಿಂದ ಮೀನಿನ ಹಿಂಡು ಬೇಸಿಗೆಯಲ್ಲಿ ವಾಯವ್ಯಕ್ಕೆ ಸರಿದು ಐಸ್‌ಲ್ಯಾಂಡಿನ ಕಡಲಿಗೆ ದೊಡ್ಡ ಪ್ರಮಾಣದಲ್ಲಿ ಹೋಗತೊಡಗಿತು. ‘ನಮ್ಮ ನೀರಿನಲ್ಲಿ ಮೇಯುತ್ತಿದೆ, ನಾವು ಹಿಡಿಯುತ್ತೇವೆ’ ಎಂದು ಅವರು. ‘ಇದು ನಮ್ಮ ಪಾಲಿನ ಮೀನು’ ಎಂದು ನಾರ್ವೆ ಮತ್ತು ಐರೋಪ್ಯ ಒಕ್ಕೂಟ. ದನ ಪಕ್ಕದ ತೋಟಕ್ಕೆ ನುಗ್ಗಿದ ಪಂಚಾಯಿತಿಯ ಹಾಗೆಯೇ, ವರ್ಷಗಟ್ಟಲೆ ನಡೆಯಿತು. ಪಾಲಿನ ಲೆಕ್ಕ ಒಬ್ಬೊಬ್ಬರದು ಒಂದೊಂದು, ಹಿಡಿದ ಮೊತ್ತ ಮಾತ್ರ ವಿಜ್ಞಾನಿಗಳು ಹೇಳಿದ್ದಕ್ಕಿಂತ ಹೆಚ್ಚು.

ತರಕಾರಿ ಸಂತೆ

ನಾನು ಹುಟ್ಟು ಸಸ್ಯಾಹಾರಿ. ಈ ಚರ್ಚೆಗೆ ದಾರಿ ತಪ್ಪಿ ಬಂದೆ, ಈಗ ಎದ್ದು ಹೋಗಲಾಗುತ್ತಿಲ್ಲ. ಆ ಕಲ್ಲುಬಾಳೆಯ ಕಥೆ ಯಾರಾದರೂ ಮುಗಿಸಿ.

ದಕ್ಕೆ ರಸ್ತೆ

ಅದು ನನ್ನ ಪಾಲಿಗೆ ಬರಲಿ. ನಮ್ಮ ಕಡೆ ಬಂಗುಡೆಯ ರಾಶಿಯಲ್ಲಿ ಬೆರೆತು ಬರುವ ಮೀನೊಂದಿದೆ, ಪುಸ್ತಕದ ಹೆಸರು ಮೆಗಲಾಸ್ಪಿಸ್ ಕಾರ್ಡಿಲ. ಇಂಗ್ಲಿಷಿನಲ್ಲಿ ಇಂಥವಕ್ಕೆ ಕುದುರೆ ಮ್ಯಾಕರೆಲ್ ಎನ್ನುತ್ತಾರಂತೆ. ಬಂಗುಡೆಯದೇ ಉದ್ದ, ಹಿಂದುಗಡೆ ಬಂಗುಡೆಯ ಹಾಗೆಯೇ ಕಿರುರೆಕ್ಕೆಗಳು. ಹೊಸಬರು ಮೋಸ ಹೋಗುವುದು ಸಹಜ. ಬೆರಳು ಮೋಸ ಹೋಗುವುದಿಲ್ಲ. ಬಾಲದ ಬುಡವನ್ನು ಎರಡು ಬೆರಳಿನಿಂದ ಹಿಡಿದು ಬಾಲದಿಂದ ತಲೆಯ ಕಡೆಗೆ ಒಮ್ಮೆ ಎಳೆಯಿರಿ. ಬಂಗುಡೆಯಾದರೆ ರೇಷ್ಮೆ. ಇದಾದರೆ ಗರಗಸ, ಚರ್ಮ ತರಚುತ್ತದೆ. ಪಕ್ಕದ ಗೆರೆಯುದ್ದಕ್ಕೂ ಗಟ್ಟಿ ಮುಳ್ಳುಚಿಪ್ಪುಗಳು ಸಾಲಾಗಿ ಇರುತ್ತವೆ. ಕಿವಿರಿನ ಮುಚ್ಚಳದ ಮೇಲೆ ಕಪ್ಪು ಮಚ್ಚೆಯೂ ಇರುತ್ತದೆ. ನನ್ನ ಅಜ್ಜಿ ಕಣ್ಣು ಕಾಣದ ಕಾಲದಲ್ಲೂ ಬುಟ್ಟಿಯಲ್ಲಿ ಕೈಯಾಡಿಸಿ ಇದನ್ನು ಬೇರೆ ತೆಗೆದಿಡುತ್ತಿದ್ದಳು. ಸಾರಿಗೆ ಹಾಕುವ ಮೊದಲು ಆ ಚಿಪ್ಪಿನ ಸಾಲನ್ನು ಕತ್ತಿಯಲ್ಲಿ ಸೀಳಿ ತೆಗೆಯಬೇಕು, ಇಲ್ಲವಾದರೆ ಗಂಟಲಿಗೆ ಕಷ್ಟ.

ಅಳಿವೆಬಾಗಿಲು

ಅದು ಕ್ಯಾರಂಜಿಡೇ ಕುಟುಂಬದ್ದು, ಪಾರೆ ಮೀನಿನ ಕಡೆಯವರು. ಅದೇ ಕುಟುಂಬದ ಡೆಕಾಪ್ಟೆರಸ್ ಎಂಬ ಇನ್ನೊಂದು ಉರುಟು ಮೀನೂ ಹೀಗೆಯೇ ಬೆರೆಯುತ್ತದೆ. ಅದಕ್ಕೆ ಲೆಕ್ಕವೇ ಸಾಕು: ಬೆನ್ನಿನ ಹಿಂದೆ ಒಂದೇ ಒಂದು ಕಿರುರೆಕ್ಕೆ, ಕೆಳಗೂ ಒಂದೇ. ಬಂಗುಡೆಗೆ ಮೇಲೆ ಐದು, ಕೆಳಗೆ ಐದು.

ಮಸ್ಕತ್ ಮಾವ

ಇಪ್ಪತ್ತೆರಡು ವರ್ಷದಿಂದ ಓಮನ್‌ನಲ್ಲಿದ್ದೇನೆ. ಇಲ್ಲಿಯ ಬಂಗುಡೆ ಬೇರೆ ಜಾತಿಯದು ಎಂದು ನನ್ನ ಅಭಿಪ್ರಾಯ. ನೋಡಲಿಕ್ಕೆ ಒಂದೇ, ತಿಂದರೆ ಉಡುಪಿಯ ರುಚಿ ಇಲ್ಲ. ಮಾಂಸ ಗಟ್ಟಿ. ಮನೆಯವಳೂ ಇದನ್ನೇ ಹೇಳುತ್ತಾಳೆ.

ನಿವೃತ್ತ ಮೇಷ್ಟ್ರು

ಅದೂ ಕನಗುರ್ತವೇ. ಕೆಂಪು ಸಮುದ್ರ, ಪೂರ್ವ ಆಫ್ರಿಕದಿಂದ ಹಿಡಿದು ನಮ್ಮ ಎರಡೂ ಕರಾವಳಿ, ಇಂಡೋನೇಷ್ಯ, ಆಸ್ಟ್ರೇಲಿಯದ ಉತ್ತರ ತೀರದವರೆಗೆ ಒಂದೇ ಪ್ರಭೇದ. ಸೂಯೆಜ್ ಕಾಲುವೆ ತೋಡಿದ ಮೇಲೆ ಆ ದಾರಿಯಲ್ಲಿ ಮೆಡಿಟರೇನಿಯನ್‌ನ ಪೂರ್ವ ಭಾಗಕ್ಕೂ ನುಸುಳಿದೆ. ರುಚಿ ಬದಲಾಗುವುದು ಮೇವಿನಿಂದ, ಹಂಗಾಮಿನಿಂದ, ಮೊಟ್ಟೆ ಕಟ್ಟಿದೆಯೇ ಇಲ್ಲವೇ ಎಂಬುದರಿಂದ. ಉಡುಪಿಯಲ್ಲೇ ಅಕ್ಟೋಬರಿನ ಬಂಗುಡೆಗೂ ಮೇ ತಿಂಗಳ ಬಂಗುಡೆಗೂ ಅಜಗಜಾಂತರ.

ಮಸ್ಕತ್ ಮಾವ

ಮೇಷ್ಟ್ರೆ, ನಿಮ್ಮ ಮಾತು ಕೇಳಿದೆ. ಮನೆಯವಳು ಕೇಳುವ ಹಾಗೆ ಕಾಣುತ್ತಿಲ್ಲ.

ದಕ್ಕೆ ರಸ್ತೆ

ಮಾವ, ಅಲ್ಲಿಯ ಮೀನು ಹಿಡಿದು, ತಣ್ಣಗಾಗಿಸಿ, ಮಾರುಕಟ್ಟೆಗೆ ಬಂದು ನಿಮ್ಮ ಬಾಣಲೆಗೆ ಬೀಳುವಾಗ ಎಷ್ಟು ದಿನವಾಗಿದೆ ಎಂದು ಕೇಳಿದ್ದೀರಾ? ಜಾತಿಗಿಂತ ಮೊದಲು ದಿನ ಎಣಿಸಬೇಕು.

ಬ್ಯಾಂಕಾಕ್ ಬಾಡಿಗೆ ಮನೆ

ಬ್ರಾಕಿಸೋಮದ ಹೆಸರು ಬಂದದ್ದರಿಂದ ಬಾಯಿ ಬಿಡುತ್ತಿದ್ದೇನೆ. ಇಲ್ಲಿ ಅದಕ್ಕೆ ಪ್ಲಾ ತೂ ಎನ್ನುತ್ತಾರೆ. ಬಂದ ಹೊಸದರಲ್ಲಿ ಸಂತೆಯಲ್ಲಿ ನೋಡಿ ನಾನು ಹೌಹಾರಿದ್ದೆ. ಅಂಗೈಯಗಲದ ಬಿದಿರಿನ ಬುಟ್ಟಿಗಳು, ಒಂದೊಂದರಲ್ಲಿ ಎರಡೋ ಮೂರೋ ಮೀನು, ಎಲ್ಲವಕ್ಕೂ ಕತ್ತು ಮುರಿದು ತಲೆ ಬಗ್ಗಿಸಿ ಕೂರಿಸಿದ್ದಾರೆ, ಬೈಗುಳ ತಿಂದ ಮಕ್ಕಳ ಹಾಗೆ. ಮೀನು ಬುಟ್ಟಿಗಿಂತ ಉದ್ದವಾದ್ದರಿಂದ ಈ ಏರ್ಪಾಡು. ಬುಟ್ಟಿಯ ಸಮೇತ ಉಪ್ಪುನೀರಿನಲ್ಲಿ ಬೇಯಿಸಿ ಮಾರುತ್ತಾರೆ. ಮೇಕ್ಲೋಂಗ್ ಎಂಬ ಊರಿನ ಪ್ಲಾ ತೂಗೆ ‘ಮುಖ ಬಾಗಿದ್ದು, ಕತ್ತು ಮುರಿದದ್ದು’ ಎಂಬುದೇ ಬಿರುದು.

ಇದು ಬಂಗುಡೆಯೇ ಎಂದು ನಾನು ಎರಡು ವರ್ಷ ನಂಬಿದ್ದೆ. ಒಮ್ಮೆ ಹಸಿ ಮೀನು ಕೊಳ್ಳುವಾಗ ಮಾರುವ ಹೆಂಗಸು ಎರಡನ್ನು ಪಕ್ಕಪಕ್ಕ ಇಟ್ಟು ತೋರಿಸಿದಳು. ಒಂದು ಪ್ಲಾ ತೂ, ಇನ್ನೊಂದು ಪ್ಲಾ ಲಂಗ್. ಪ್ಲಾ ಲಂಗ್ ನಮ್ಮ ಕನಗುರ್ತ, ಉದ್ದನೆಯ ಮೈ. ಪ್ಲಾ ತೂ ಮೈ ಅಗಲ, ಹೆಚ್ಚು ಚಪ್ಪಟೆ. ಅಳೆಯಲು ಅವಳು ತೋರಿಸಿದ್ದು ಬೆರಳಿನ ಲೆಕ್ಕ: ಮೂತಿಯಿಂದ ಕಿವಿರಿನ ಮುಚ್ಚಳದ ಅಂಚಿನವರೆಗೆ ತಲೆಯ ಉದ್ದ ತೆಗೆದುಕೊಳ್ಳಬೇಕು, ಅದನ್ನು ಮೈಯ ಅಗಲದ ಮೇಲೆ ಇಟ್ಟು ನೋಡಬೇಕು. ತಲೆ ಹೆಚ್ಚಾದರೆ ಪ್ಲಾ ಲಂಗ್, ಮೈ ಹೆಚ್ಚಾದರೆ ಅಥವಾ ಸಮನಾದರೆ ಪ್ಲಾ ತೂ. ಮನೆಗೆ ಬಂದು ಪುಸ್ತಕದಲ್ಲಿ ನೋಡಿದರೆ ವಿಜ್ಞಾನಿಗಳು ಬರೆದದ್ದೂ ಅದನ್ನೇ.

ಅಳಿವೆಬಾಗಿಲು

ಕೊಯ್ದರೆ ಇನ್ನೂ ಖಾತ್ರಿ. ಪ್ಲಾ ತೂವಿನ ಕರುಳು ಅದರ ಮೈಗಿಂತ ಮೂರು ಪಟ್ಟಿಗೂ ಮಿಕ್ಕಿ ಉದ್ದ. ಕನಗುರ್ತದ್ದು ಅಷ್ಟು ಇರುವುದಿಲ್ಲ. ಇಂಡೋನೇಷ್ಯದಲ್ಲಿ ನಮ್ಮ ಬಂಗುಡೆಗೆ ‘ಗಂಡು ಕೆಂಬುಂಗ್’, ಬ್ರಾಕಿಸೋಮಕ್ಕೆ ‘ಹೆಣ್ಣು ಕೆಂಬುಂಗ್’ ಎಂದು ಹೆಸರು. ಎರಡು ಬೇರೆ ಪ್ರಭೇದಗಳನ್ನು ಗಂಡಹೆಂಡಿರ ಮಾಡಿಬಿಟ್ಟಿದ್ದಾರೆ! ಬ್ರಾಕಿಸೋಮ ನಮ್ಮ ದೇಶದಲ್ಲಿ ಅಂಡಮಾನ್ ಕಡೆ ಸಿಗುತ್ತದೆ. ಮಲ್ಪೆ, ಮಂಗಳೂರಿನಲ್ಲಿ ಅಗಲ ಮೈಯ ಬಂಗುಡೆ ಸಿಕ್ಕಿತು ಎಂದು ಯಾರೂ ಸಂಭ್ರಮಿಸಬೇಡಿ, ಅದು ಮೊಟ್ಟೆ ತುಂಬಿದ ಕನಗುರ್ತ.

ಚೆನ್ನೈ ಕನ್ನಡಿಗ

ಮೂರನೆಯದನ್ನು ಎಲ್ಲರೂ ಮರೆತಿರಿ. ನಾನಿರುವುದು ಕಾಸಿಮೇಡು ಬಂದರಿನ ಹತ್ತಿರ. ಹೋದ ತಿಂಗಳು ಒಂದೇ ರಾಶಿಯಲ್ಲಿ ಎರಡು ಬಗೆ ಕಂಡಿತು. ಒಂದರ ಮೈ ಸಪೂರ. ಬೆನ್ನಿನ ಮೊದಲನೆಯ ರೆಕ್ಕೆಯ ಬುಡದಲ್ಲಿ, ಮೇಲಿನಿಂದ ನೋಡಿದಾಗ, ನಾಲ್ಕು ದೊಡ್ಡ ಕಪ್ಪು ಮಚ್ಚೆ. ಬಾಯಿ ತೆರೆದರೆ ಗರಿ ಕಾಣುವುದೇ ಇಲ್ಲ, ಕಿವಿರಿನ ಕಡ್ಡಿ ಗಿಡ್ಡ. ಮೇಷ್ಟ್ರ ಪಾಠದ ಪ್ರಕಾರ ಇದು ಬಂಗುಡೆ ಅಲ್ಲವೇ ಅಲ್ಲ, ಆದರೆ ಉಳಿದದ್ದೆಲ್ಲ ಬಂಗುಡೆಯೇ.

ನಿವೃತ್ತ ಮೇಷ್ಟ್ರು

ಅಂಗುಳು ನೋಡಿದಿರಾ?

ಚೆನ್ನೈ ಕನ್ನಡಿಗ

ಈಗ ನೆನಪು ಮಾಡಿಕೊಂಡರೆ ನುಣುಪಾಗಿಯೇ ಇತ್ತು. ಅಡಿಗೆಯವಳು ಕೊಯ್ಯುವಾಗ ನಾನೇ ಬೆರಳು ಹಾಕಿ ನೋಡಿ ಅವಳಿಂದ ಬೈಸಿಕೊಂಡಿದ್ದೆ.

ನಿವೃತ್ತ ಮೇಷ್ಟ್ರು

ಹಾಗಾದರೆ ಫಾಗ್ನಿ ಇರಬೇಕು. ದ್ವೀಪಗಳ ಬಂಗುಡೆ ಎಂದು ಅದಕ್ಕೆ ಹೆಸರು, ಫಿಲಿಪೈನ್ಸ್, ಇಂಡೋನೇಷ್ಯ ಕಡೆಯದು. 1967ರಲ್ಲಷ್ಟೇ ಅದಕ್ಕೆ ವೈಜ್ಞಾನಿಕ ಹೆಸರಾಯಿತು. ನಿಮ್ಮ ಮದರಾಸಿನ ತೀರದಿಂದ 1970ರ ದಶಕದ ಆರಂಭದಲ್ಲಿಯೇ ವರದಿಯಾಗಿದೆ. ಕಿವಿರಿನ ಕೆಳಗಿನ ಕೊಂಬೆಯಲ್ಲಿ ಕಡ್ಡಿಗಳನ್ನು ಎಣಿಸಿದರೆ ಜಗಳವೇ ಮುಗಿಯಿತು: ಫಾಗ್ನಿಗೆ 21ರಿಂದ 26, ಕನಗುರ್ತಕ್ಕೆ 30ಕ್ಕಿಂತ ಕಡಿಮೆ ಇರುವುದಿಲ್ಲ. ನನ್ನ ಗರಿಯ ಪಾಠ ಕನಗುರ್ತ, ಬ್ರಾಕಿಸೋಮಗಳಿಗೆ ಸರಿ, ಫಾಗ್ನಿಗೆ ನಡೆಯುವುದಿಲ್ಲ ಎಂದು ಮೊದಲೇ ಹೇಳಬೇಕಿತ್ತು. ಈ ಚರ್ಚೆಯಲ್ಲಿ ಇದು ನನ್ನ ಎರಡನೆಯ ತಪ್ಪು. ಮೂರಾದರೆ ಹುಡುಗರು ಬೆಂಚು ಬಡಿಯುತ್ತಾರೆ.

ಹಳೆಯ ರಂಪಣಿ

ನಿಮ್ಮ ಕಡ್ಡಿಯ ಲೆಕ್ಕ ನಡೆಯಲಿ. ನನಗೆ ಎಪ್ಪತ್ತು ದಾಟಿದೆ, ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಬಂಗುಡೆ ಎಲ್ಲಿ ವಾಸಿಸುತ್ತದೆ ಎಂದು ಕೇಳಿದರೆ ನಮ್ಮ ಕಾಲದಲ್ಲಿ ‘ದಡದಿಂದ ಕಾಣುವಷ್ಟು ದೂರದಲ್ಲಿ’ ಎಂಬುದೇ ಉತ್ತರ. ಮಳೆಗಾಲದಲ್ಲಿ ಗಾಳಿಗೆ ಕಡಲು ಅಡಿಮೇಲಾಗಿ, ಆಳದ ತಂಪು ನೀರು ಮೇಲೆ ಬಂದು, ದಡದ ಹತ್ತಿರ ಮೇವು ಬೆಳೆಯುತ್ತದೆ. ಮಳೆ ಇಳಿಯುತ್ತಿದ್ದಂತೆ ಹಿಂಡು ಬರುತ್ತದೆ. ನೀರಿನ ಮೇಲೆ ಬಣ್ಣ ಬದಲಾಗುತ್ತಿತ್ತು, ಮಳೆಹನಿ ಬಿದ್ದ ಹಾಗೆ ನೀರು ನಡುಗುತ್ತಿತ್ತು. ದಡದಲ್ಲಿ ನಿಂತ ಹಿರಿಯ ಅದನ್ನು ನೋಡಿ ಕೂಗು ಹಾಕಿದರೆ ಊರಿಗೆ ಊರೇ ಓಡಿ ಬರುತ್ತಿತ್ತು. ರಂಪಣಿ ಬಲೆಯನ್ನು ದೋಣಿಯಲ್ಲಿ ಕೊಂಡೊಯ್ದು ಅರ್ಧಚಂದ್ರಾಕಾರದಲ್ಲಿ ಬಿಟ್ಟು ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುವುದು. ನಾನು ಹಗ್ಗ ಹಿಡಿದಾಗ ಹನ್ನೊಂದು ವರ್ಷ. ಎಳೆದವರಿಗೆಲ್ಲ ಪಾಲು, ನನಗೂ ಅರ್ಧ ಪಾಲು. ಹೆಚ್ಚಾದದ್ದು ಉಪ್ಪು ಹಾಕಿ ಒಣಗಿ ಘಟ್ಟ ಹತ್ತುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವ ಮೊದಲೇ ಸುತ್ತು ಹಾಕಿ ಎತ್ತಿದವು. ಕೂಗು ಹಾಕುವ ಹಿರಿಯನಿಗೆ ಕೆಲಸವಿಲ್ಲವಾಯಿತು. ಬಲೆ ಕೆಲವು ವರ್ಷ ಅಟ್ಟದಲ್ಲಿತ್ತು, ಆಮೇಲೆ ಇಲಿ ಕಡಿಯಿತು.

ಕಾರವಾರದ ಕಡೆಯವ

ಅಜ್ಜ, ನಮ್ಮ ಮನೆಯಲ್ಲೂ ಅದೇ ಕಥೆ. ಆ ಒಣ ಬಂಗಡೆಯನ್ನು ಕೆಂಡದ ಮೇಲೆ ಸುಟ್ಟು ಗಂಜಿಯ ಜೊತೆ ಕೊಟ್ಟರೆ ಇವತ್ತೂ ನನಗೆ ಬೇರೇನೂ ಬೇಡ.

ಘಟ್ಟದ ಮೇಲೆ

ಬೆಂಗಳೂರಿನವನ ಪ್ರಶ್ನೆ. ಕಿಂಗ್ ಮ್ಯಾಕರೆಲ್ ಎಂದು ಹೋಳು ಮಾಡಿ ಮಾರುತ್ತಾರಲ್ಲ, ಅದು ದೊಡ್ಡದಾಗಿ ಬೆಳೆದ ಬಂಗುಡೆಯೇ?

ದಕ್ಕೆ ರಸ್ತೆ

ಬಂಗುಡೆ ಎಷ್ಟು ಉಂಡರೂ ಮೊಳದಷ್ಟು ಬೆಳೆಯುವುದಿಲ್ಲ. ಸಾಮಾನ್ಯವಾಗಿ ಒಂದು ಗೇಣು, ಸ್ವಲ್ಪ ಹೆಚ್ಚು. ನೀವು ಹೇಳುವುದು ಅಂಜಲ್. ಕಾರವಾರದವರ ಇಸವಣ, ತಮಿಳರ ವಂಜಿರಂ, ಮುಂಬಯಿಯ ಸುರಮಯಿ. ಅದು ಮೀನು ತಿನ್ನುವ ಮೀನು, ಬಾಯಿ ತುಂಬ ಚೂರಿ.

ಮಸ್ಕತ್ ಮಾವ

ನಮ್ಮಲ್ಲಿ ಕಿಂಗ್‌ಫಿಶ್. ಅರಬರು ಕನಾದ್ ಎನ್ನುತ್ತಾರೆ. ಇದರಲ್ಲಿ ಮನೆಯವಳಿಗೂ ಭಿನ್ನಾಭಿಪ್ರಾಯವಿಲ್ಲ.

ಅಳಿವೆಬಾಗಿಲು

ಅಂಜಲ್‌ನಲ್ಲೂ ಒಂದೇ ಜಾತಿಯಲ್ಲ. ಮೈಮೇಲೆ ನಿಂತ ಪಟ್ಟೆಗಳಿದ್ದು, ಪಕ್ಕದ ಸಣ್ಣ ಗೆರೆ ಎರಡನೆಯ ಬೆನ್ನುರೆಕ್ಕೆ ಮುಗಿಯುವಲ್ಲಿ ಥಟ್ಟನೆ ಕೆಳಕ್ಕೆ ಧುಮುಕಿದರೆ ಅದು ಸ್ಕೋಂಬರೋಮೋರಸ್ ಕಾಮರ್ಸನ್, ದೊಡ್ಡದು ಇದೇ. ಮೈತುಂಬ ದುಂಡು ಚುಕ್ಕೆ ಇದ್ದರೆ ಗಟ್ಟಾಟಸ್. ತುಂಡು ತುಂಡು ಗೆರೆ ಉದ್ದಕ್ಕೆ ಓಡಿದರೆ ಲಿನಿಯೋಲೇಟಸ್. ಬೆಂಗಳೂರಿನವರಿಗೆ ಇಡೀ ಮೀನು ಕಾಣುವುದು ಅಪರೂಪ ಎಂದು ಗೊತ್ತು. ಹೋಳು ಮಾಡುವ ಮೊದಲು ಒಮ್ಮೆ ತೋರಿಸಿ ಎಂದು ಕೇಳಿ, ಕೇಳಿದರೆ ದಂಡವೇನೂ ಇಲ್ಲ.

ಓಸಾಕ ಹುಳಿಯನ್ನ

ಜಪಾನಿನಿಂದ ಚಿಕ್ಕದೊಂದು. ಇಲ್ಲಿ ಸಬಾ ಎಂದರೆ ಮ್ಯಾಕರೆಲ್, ಅದರಲ್ಲಿ ಎರಡು: ಮಸಬಾ ಮತ್ತು ಗೊಮಸಬಾ. ಗೊಮ ಎಂದರೆ ಎಳ್ಳು. ಹೊಟ್ಟೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಯಿದ್ದರೆ ಗೊಮಸಬಾ, ಪುಸ್ತಕದ ಹೆಸರು ಸ್ಕೋಂಬರ್ ಆಸ್ಟ್ರಲೇಸಿಕಸ್, ಅದು ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲೂ ಇದೆ. ಚುಕ್ಕೆಯಿಲ್ಲದ್ದು ಮಸಬಾ, ಸ್ಕೋಂಬರ್ ಜಪಾನಿಕಸ್. ಬೆಲೆ ಮಸಬಾಕ್ಕೆ ಹೆಚ್ಚು. ಹೊಟ್ಟೆ ತಿರುಗಿಸಿ ನೋಡಿ ಕೊಳ್ಳುವ ಅಭ್ಯಾಸ ಇಲ್ಲಿಯ ಅಜ್ಜಿಯರಿಗೂ ಇದೆ.

ಅಳಿವೆಬಾಗಿಲು

ಗುರುತು ಹಿಡಿಯುವ ಉತ್ಸಾಹದಲ್ಲಿ 40 ನಿಮಿಷ ಮೀನನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂರಬೇಡಿ. ಈ ಕುಟುಂಬದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಹೆಚ್ಚು. ತಣ್ಣಗಿಡದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ತಿಂದವರಿಗೆ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಎಷ್ಟು ಕುದಿಸಿದರೂ, ಎಷ್ಟು ಹುಳಿ ಹಾಕಿದರೂ ಅದು ಹೋಗುವುದಿಲ್ಲ. ‘ನನಗೆ ಬಂಗುಡೆ ನಂಜು’ ಎನ್ನುವವರಲ್ಲಿ ಕೆಲವರಿಗಾದರೂ ನಂಜಾದದ್ದು ಬಂಗುಡೆಯಲ್ಲ, ಬಿಸಿಲು. ಐಸಿನ ಮೇಲೆ ಇಟ್ಟು ನೋಡಿ.

ಬ್ರಹ್ಮಾವರದವಳು (ಮುಂದಿನ ಶನಿವಾರ)

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಈ ವಾರ ಮೂರು ಅಂಗಡಿ ಸುತ್ತಿದೆ. ಮೊದಲನೆಯದು ಹಳೆಯ ಅಂಗಡಿಯೇ. ಮೀನಿನ ಬಾಯಿ ತೆರೆದು ಒಳಗೆ ಇಣುಕಿದೆ. ಮಾರುವವನು ‘ಹಲ್ಲು ನೋವಂತಾ ಅದಕ್ಕೆ?’ ಎಂದು ಕೇಳಿದ. ಹೌದು, ಅದೇ ಅಲೆಗೆರೆಯ ಸ್ಕೋಂಬ್ರಸ್.

ಎರಡನೆಯದು ಪೋರ್ಚುಗಲ್‌ನವರ ಅಂಗಡಿ. ಅಲ್ಲಿಯೂ ಮ್ಯಾಕರೆಲ್ ಎಂದೇ ಇಂಗ್ಲಿಷ್ ಚೀಟಿ, ಕೆಳಗೆ ಅವರ ಭಾಷೆಯಲ್ಲಿ ‘ಕವಾಲಾ’. ಬೆನ್ನಿನ ಗೆರೆ ಹೆಚ್ಚು ಕಡಿಮೆ ಅದೇ, ಆದರೆ ಕಣ್ಣು ದೊಡ್ಡದು, ಹೊಟ್ಟೆಯ ಮೇಲೆ ಬೂದಿ ಬಣ್ಣದ ಮಚ್ಚೆಗಳು. ಜಪಾನಿನ ಎಳ್ಳು ನೆನಪಾಯಿತು. ಅಂಗಡಿಯ ಹೆಂಗಸನ್ನು ಕೇಳಿದರೆ ‘ಇದು ಕವಾಲಾ, ಗೆರೆ ಮೀನು ಸಾರ್ಡಾ, ಎರಡೂ ಒಂದೇ ಎನ್ನುವವರು ಇಂಗ್ಲಿಷಿನವರು ಮಾತ್ರ’ ಎಂದಳು. ಮೇಷ್ಟ್ರೆ, ಇದು ಯಾವುದು?

ನಿವೃತ್ತ ಮೇಷ್ಟ್ರು

ಸ್ಕೋಂಬರ್ ಕೋಲಿಯಾಸ್. ಅಟ್ಲಾಂಟಿಕ್‌ನ ಬೆಚ್ಚಗಿನ ಭಾಗದ್ದು, ಮೆಡಿಟರೇನಿಯನ್‌ನದ್ದೂ ಹೌದು. ಇದಕ್ಕೆ ಗಾಳಿಚೀಲ ಇದೆ, ಕೊಯ್ಯುವಾಗ ನೋಡಿ. ಬಹಳ ಕಾಲ ಇದನ್ನು ಜಪಾನಿಕಸ್ ಜೊತೆ ಒಂದೇ ಪ್ರಭೇದವೆಂದು ಎಣಿಸುತ್ತಿದ್ದರು, ಈಗ ಬೇರೆ ಮಾಡಿದ್ದಾರೆ. ಮೂರನೆಯ ಅಂಗಡಿ?

ಬ್ರಹ್ಮಾವರದವಳು

ಮೂರನೆಯದು ಮಲಯಾಳಿಗಳ ಅಂಗಡಿ, ಬಸ್ಸಿನಲ್ಲಿ ಒಂದು ಗಂಟೆ. ಫ್ರೀಜರಿನ ತಳದಲ್ಲಿ ‘ಅಯಲ’ ಎಂದು ಬರೆದ ಪೊಟ್ಟಣ ಸಿಕ್ಕಿತು. ಮನೆಗೆ ತಂದು ಫ್ರಿಜ್ಜಿನಲ್ಲೇ ಇಟ್ಟು ಕರಗಿಸಿದೆ. ಗೆರೆ ಉದ್ದಕ್ಕೆ, ಬಂಗಾರ ಎಂದೋ ಹೋಗಿ ಕಪ್ಪಾಗಿದೆ. ಐದು ಕಿರುರೆಕ್ಕೆ ಮೇಲೆ, ಐದು ಕೆಳಗೆ. ಎದೆರೆಕ್ಕೆ ಎತ್ತಿದರೆ ದೃಷ್ಟಿಬೊಟ್ಟು. ಕೆಳದವಡೆ ಎಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಗರಿ ಇತ್ತು, ಮೇಷ್ಟ್ರೆ, ಎರಡೂ ಬದಿಗೆ! ಇಷ್ಟು ವರ್ಷ ತಿಂದ ಮೀನಿನ ಬಾಯಿಯೊಳಗೆ ಇಂಥದ್ದೊಂದು ಇದೆ ಎಂದು ಗೊತ್ತೇ ಇರಲಿಲ್ಲ. ಗಂಡನನ್ನೂ ಕರೆದು ತೋರಿಸಿದೆ. ಅವರು ಮಾತಾಡದೆ ಸ್ವಲ್ಪ ಹೊತ್ತು ನೋಡಿದರು.

ಅಮ್ಮನಿಗೆ ಕರೆ ಮಾಡಿ ಹೆಮ್ಮೆಯಿಂದ ಮೀನನ್ನು ಪರದೆಗೆ ಹಿಡಿದೆ. ಬಾಯಿ ತೆರೆದು ತೋರಿಸುವಷ್ಟು ಹೊತ್ತು ಕಾಯಲಿಲ್ಲ ಅವಳು. ‘ಇದು ಬಂಗುಡೆ’ ಎಂದಳು. ‘ಆದರೆ ಕಣ್ಣು ನೋಡು, ಗುಳಿ ಬಿದ್ದಿದೆ. ಎಷ್ಟು ತಿಂಗಳಿನದು ಕೇಳಿದ್ದೀಯಾ?’